ಕೆಂಪಿಯ ಪಥ್ಯ

ಭೂತಪ್ಪನವರು ತೀರಿಕೊಂಡು ನಾಲ್ಕು ವರ್ಷಕ್ಕೆ ಅವರ ಇಬ್ಬರು ಗಂಡುಮಕ್ಕಳು ಪಾಲಾದರು. ದೊಡ್ಡವನು ರವೀಂದ್ರ, ಚಿಕ್ಕವನು ಹರ್ಷವರ್ಧನ. ಜಗಳವಿಲ್ಲದೆ ಆದ ಪಾಲು. ಊರಿನ ಗಣೇಶಮೂರ್ತಿ ಮೇಷ್ಟ್ರು ಜಗಲಿಯಲ್ಲಿ ಕೂತು ಎರಡು ಹಾಳೆಗಳಲ್ಲಿ ಬರೆದರು. ಗದ್ದೆ, ಮನೆಯ ಎಡಭಾಗ, ಬಲಭಾಗ, ಎರಡು ಹಂಡೆ, ಒರಳು, ಕಪಾಟು, ಕೊನೆಗೆ ಭೂತಪ್ಪನವರ ಕೈಗಡಿಯಾರ ಯಾರಿಗೆ ಅನ್ನುವುದೂ ತೀರ್ಮಾನವಾಯಿತು. ಬಾವಿ ಮತ್ತು ಬಚ್ಚಲುಮನೆ ಇಬ್ಬರಿಗೂ ಸೇರಿದ್ದು ಎಂದು ಕೆಳಗೊಂದು ಸಾಲು. ನಾಯಿ ಕೆಂಪಿಯ ವಿಷಯ ಯಾರಿಗೂ ನೆನಪಾಗಲಿಲ್ಲ. ಅದು ಅವತ್ತು ಮೇಷ್ಟ್ರ ಚಪ್ಪಲಿಯ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿತ್ತು.

ನಾಯಿಯನ್ನು ಮನೆಗೆ ತಂದವರು ಭೂತಪ್ಪನವರೇ. ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ. ಕೆಲಸ ಬಿಡುವ ವರ್ಷದ ಚಳಿಗಾಲದಲ್ಲಿ, ತೀರ್ಥಹಳ್ಳಿಯಿಂದ ಬೆಳಗಿನ ಮೊದಲ ಟ್ರಿಪ್ಪು ಹೊರಡುವಾಗ ಅವರ ಸೀಟಿನ ಕೆಳಗೆ ಒಂದು ಕೆಂಪು ಮರಿ ಮುದುಡಿ ಕೂತಿತ್ತು. ಹೊಸನಗರ ದಾಟಿ, ರಸ್ತೆ ಬದಿಯ ತಮ್ಮ ಮನೆಯೆದುರು ಬಸ್ಸು ನಿಲ್ಲಿಸಿ, ಇಂಜಿನ್ ಆರಿಸದೆ ಇಳಿದು, ಸ್ವೆಟರಿನೊಳಗಿಂದ ಮರಿಯನ್ನು ತೆಗೆದು ಹೆಂಡತಿ ಯಮುನಮ್ಮನ ಕೈಗೆ ಕೊಟ್ಟರು. "ಹಾಲು ಹಾಕು. ಸಂಜೆ ಬಂದು ನೋಡ್ತೀನಿ" ಎಂದು ಹೇಳಿ ಹೋಗಿಯೇಬಿಟ್ಟರು. ಬಸ್ಸಿನ ಜನವೆಲ್ಲ ಕಿಟಕಿಯಿಂದ ಬಗ್ಗಿ ನೋಡಿದ್ದರು. ಆ ಬೆಳಗನ್ನು ನೆನೆದರೆ ಯಮುನಮ್ಮನಿಗೆ ಈಗಲೂ ನಗು. "ಅಷ್ಟು ಜನರ ಎದುರು ನಂಗೆ ಅವರು ಕೈಯಾರೆ ಎಂತಾದ್ರೂ ಕೊಟ್ಟಿದ್ದು ಅಂದ್ರೆ ತಾಳಿ ಬಿಟ್ರೆ ಅದೊಂದೇ" ಅನ್ನುತ್ತಾರೆ.

ಪಾಲಾದ ಮೇಲೆ ಕೆಂಪಿ ತನ್ನ ವ್ಯವಸ್ಥೆಯನ್ನು ತಾನೇ ಮಾಡಿಕೊಂಡಿತು. ಬೆಳಿಗ್ಗೆ ಎಡಭಾಗದ ರವೀಂದ್ರನ ಅಡುಗೆಮನೆಯ ಬಾಗಿಲು, ಸಂಜೆ ಬಲಭಾಗದ ಹರ್ಷನ ಅಡುಗೆಮನೆಯ ಬಾಗಿಲು. ಯಮುನಮ್ಮನ ಊಟ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ರವೀಂದ್ರನ ಹೆಂಡತಿ ಸುಚಿತ್ರಾ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಅವರ ಒಬ್ಬಳೇ ಮಗಳು ಮದುವೆಯಾಗಿ ತೀರ್ಥಹಳ್ಳಿಯಲ್ಲಿದ್ದಳು. ಹರ್ಷನ ಹೆಂಡತಿ ವಿನಯಾ ಅಂಗನವಾಡಿ ಟೀಚರ್. ಅವರ ಮಗಳು ಸಿಂಚನಾ ಹೊಸನಗರದ ಕಾಲೇಜಿಗೆ ಹೋಗುತ್ತಿದ್ದಳು.

ಅಣ್ಣತಮ್ಮಂದಿರ ನಡುವೆ ಮಾತುಕತೆ ಇತ್ತು. ಓರಗಿತ್ತಿಯರ ನಡುವೆ ಎರಡು ವರ್ಷದಿಂದ ಇರಲಿಲ್ಲ. ಪಾಲಾದ ಮೇಲೆ ಬಂದ ಮೊದಲ ಹಿರಿಯರ ಹಬ್ಬದಲ್ಲಿ, ಭೂತಪ್ಪನವರಿಗೆ ಎಡೆ ಇಡಲು ಇಬ್ಬರೂ ಸುಚಿತ್ರಾಳ ಅಡುಗೆಮನೆಯಲ್ಲೇ ಸೇರಿ ಅಡುಗೆ ಮಾಡಿದ್ದರು. ಮೀನು ಸಾರಿಗೆ ಇಬ್ಬರೂ ಉಪ್ಪು ಹಾಕಿದರು. ಹಾಕಿದ್ದೀಯಾ ಎಂದು ಒಬ್ಬರನ್ನೊಬ್ಬರು ಕೇಳಲಿಲ್ಲ. ಎಡೆ ಇಟ್ಟು, ನೆಂಟರು ಎಲೆ ಮುಂದೆ ಕೂತು ಮೊದಲ ತುತ್ತು ಬಾಯಿಗಿಟ್ಟ ಮೇಲೆ ಗೊತ್ತಾಯಿತು. "ನಾನು ಹಾಕಿದ ಮೇಲೆ ಇನ್ನೊಬ್ರು ಹಾಕಿದ್ರೆ ನಾನೆಂತ ಮಾಡ್ಲಿ" ಎಂದು ವಿನಯಾ ನೆಂಟರ ಎದುರೇ ಅಂದಳು. "ಕೇಳಿ ಹಾಕೋ ಅಭ್ಯಾಸ ಕೆಲವರಿಗೆ ಇಲ್ಲ" ಎಂದು ಸುಚಿತ್ರಾ ಒಳಗಿನಿಂದ ಅಂದಳು. ಅದೇ ಕೊನೆಯ ಮಾತು.

ಈ ಸಲದ ಡಿಸೆಂಬರ್ ಎರಡನೇ ವಾರ ಚಳಿ ಚೆನ್ನಾಗಿಯೇ ಬಿದ್ದಿತ್ತು. ಬೆಳಿಗ್ಗೆ ಎಂಟು ಗಂಟೆಯಾದರೂ ರಸ್ತೆಯ ಆಚೆ ಬದಿ ಕಾಣುತ್ತಿರಲಿಲ್ಲ. ಬಸ್ಸುಗಳು ಲೈಟು ಹಾಕಿಕೊಂಡೇ ಬರುತ್ತಿದ್ದವು. ಒಂದು ಸೋಮವಾರ ಸುಚಿತ್ರಾ ಕಾವಲಿಯಿಂದ ದೋಸೆ ಎಬ್ಬಿಸಿ ಬಾಗಿಲಿಗೆ ಬಂದರೆ ಕೆಂಪಿ ಇಲ್ಲ. ಬಚ್ಚಲುಮನೆಗೆ ಹೋಗಿ ನೋಡಿದಳು. ಒಲೆಯ ಬದಿಯಲ್ಲಿ, ಬೆಚ್ಚಗಿನ ಬೂದಿಯ ಪಕ್ಕ ಅದು ಬೆನ್ನು ಗೂನು ಮಾಡಿಕೊಂಡು ನಿಂತಿತ್ತು. ನೆಲದ ಮೇಲೆ ಎರಡು ಕಡೆ ವಾಂತಿ. ಹೊಟ್ಟೆ ಮುಟ್ಟಿದರೆ ಮುಲುಗಿತು.

"ಅತ್ತೇ, ಕೆಂಪಿಗೆ ಎಂತದೋ ಆಗಿದೆ. ಬನ್ನಿ ಇಲ್ಲಿ."

ಯಮುನಮ್ಮ ಶಾಲು ಹೊದ್ದುಕೊಂಡು ಬಂದರು. ಅವರ ಹಿಂದೆ ಬ್ರಷ್ಷು ಬಾಯಲ್ಲಿಟ್ಟುಕೊಂಡು ಸಿಂಚನಾ.

"ನಿನ್ನೆ ರಾತ್ರಿ ಆ ಕಡೆ ಎಂತ ಹಾಕಿದ್ರೋ" ಎಂದು ಸುಚಿತ್ರಾ ಗೋಡೆಗೆ ಹೇಳುವಂತೆ ಹೇಳಿದಳು.

ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ವಿನಯಾಳಿಗೆ ಕೇಳಿಸಿತು. "ಸಿಂಚು, ದೊಡ್ಡಮ್ಮಂಗೆ ಹೇಳು, ನಾವು ತಿಂದಿದ್ದೇ ಹಾಕಿದ್ದು. ಬೆಳಿಗ್ಗೆ ಹಳಸಿದ ಹಿಟ್ಟಿನ ದೋಸೆ ತಿಂದ್ರೂ ಹೀಗಾಗ್ತದಂತೆ."

"ಇಬ್ರೂ ನೇರ ಮಾತಾಡಿ, ನಂಗೆ ಬಸ್ಸಿಗೆ ಹೊತ್ತಾಯ್ತು" ಎಂದು ಸಿಂಚನಾ ಬಾಯಿ ಮುಕ್ಕಳಿಸಿದಳು.

"ಮಾತು ಸಾಕು" ಅಂದರು ಯಮುನಮ್ಮ. "ಹರ್ಷಂಗೆ ಗಾಡಿ ತೆಗೆಯೋಕೆ ಹೇಳು. ಸಾಗರಕ್ಕೆ ಹೋಗೋದು."

ಹರ್ಷನದು ಲಗೇಜ್ ಆಟೋ. ಹಿಂದೆ ಗೋಣಿಚೀಲ ಹಾಸಿ ಕೆಂಪಿಯನ್ನು ಮಲಗಿಸಿದರು. ರಸ್ತೆ ಬದಿಯಲ್ಲೇ ಬೈಕ್ ಗ್ಯಾರೇಜಿದ್ದ ರವೀಂದ್ರ ಅರ್ಧ ಬಿಚ್ಚಿದ ಗಾಡಿಯೊಂದನ್ನು ಹಾಗೇ ಬಿಟ್ಟು ಬಂದು ಹಿಂದೆ ಹತ್ತಿ, ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಯಮುನಮ್ಮ ಮುಂದೆ ಮಗನ ಪಕ್ಕ ಕೂತರು. ದಾರಿಯುದ್ದ ಮಂಜಿನಲ್ಲಿ ಬೇಲಿ ಬದಿಯ ಜೇಡರ ಬಲೆಗಳು ಬಿಳಿಯಾಗಿ ಕಾಣುತ್ತಿದ್ದವು.

ಸಾಗರದ ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ಶ್ರೀಗೌರಿ ಎಂಬ ನಡುವಯಸ್ಸಿನ ಹೆಂಗಸು ಇದ್ದರು. ಹೊಟ್ಟೆ ಒತ್ತಿ ನೋಡಿದರು, ಜ್ವರ ನೋಡಿದರು, ರಕ್ತ ತೆಗೆದರು.

"ದಿನಾ ಎಂತ ಹಾಕ್ತೀರಿ ಇದಕ್ಕೆ?"

"ಬೆಳಿಗ್ಗೆ ಒಂದು ದೋಸೆ" ಅಂದ ರವೀಂದ್ರ.

"ರಾತ್ರಿ ಒಂದು ಹಿಡಿ ಅನ್ನ" ಅಂದ ಹರ್ಷ.

ಡಾಕ್ಟರು ಕೆಂಪಿಯ ಬೆನ್ನಿನ ಮೇಲೆ ಕೈಯಾಡಿಸಿದರು. ಪಕ್ಕೆಲುಬು ಕೈಗೆ ಸಿಗುವಂತಿರಲಿಲ್ಲ. "ಒಂದು ದೋಸೆ, ಒಂದು ಹಿಡಿ ಅನ್ನ ತಿಂದು ಈ ಮೈ ಬಂತಾ? ಮನೇಲಿ ಅಡುಗೆ ಮಾಡೋರು ಯಾರು? ಫೋನ್ ಹಚ್ಚಿ ನನ್ನ ಕೈಗೆ ಕೊಡಿ."

ಮೊದಲು ಸುಚಿತ್ರಾ ಸಿಕ್ಕಳು. ಮೂರು ದೋಸೆ. ಬೆಣ್ಣೆ ಕಾಯಿಸಿದ ದಿನ ಪಾತ್ರೆ ತಳದ ಗಸಿ. ಒಮ್ಮೊಮ್ಮೆ ಕಾಯಿಬರ್ಫಿ. ಆಮೇಲೆ ವಿನಯಾ. ಅನ್ನ, ಸಾರು, ಭಾನುವಾರ ಕೋಳಿ ತಂದರೆ ಅದರ ಚರ್ಮವನ್ನೆಲ್ಲ ಎಣ್ಣೆಯಲ್ಲಿ ಹುರಿದು. ನಿನ್ನೆ ಭಾನುವಾರವಾಗಿತ್ತು. "ಬೆಳಿಗ್ಗೆ ಆ ಕಡೆ ಸರಿಯಾಗಿ ಹಾಕ್ತಾರೋ ಇಲ್ವೋ ಅಂತ ರಾತ್ರಿ ನಾನು ಸ್ವಲ್ಪ ಜಾಸ್ತಿ ಹಾಕ್ತೀನಿ ಮೇಡಂ" ಎಂದಳು. ಸುಚಿತ್ರಾಳೂ ಇದೇ ಮಾತನ್ನು ರಾತ್ರಿಯ ಊಟದ ಬಗ್ಗೆ ಹೇಳಿದ್ದಳು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಅಜ್ಜಿ, ನೀವು?"

"ನಾನೆಂತ ಹಾಕ್ಲಿ? ಮಧ್ಯಾಹ್ನ ಚಾ ಕುಡಿಯುವಾಗ ಎರಡು ಬೆಣ್ಣೆ ಬಿಸ್ಕೇಟು."

"ಎರಡೇನಾ?"

"ಎರಡು ಅಂದ್ರೆ, ಅದು ಕೇಳಿದಷ್ಟು."

ಡಾಕ್ಟರಿಗೆ ನಗು ಬಂತು, ಆದರೆ ಬೇಗ ನಿಲ್ಲಿಸಿದರು. ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದು ಬಿಡಿಸಿ ಹೇಳಿದರು. ಎರಡು ಮನೆಯ ಎಣ್ಣೆ, ತುಪ್ಪ, ಕೊಬ್ಬು ಎಲ್ಲ ಒಂದೇ ಹೊಟ್ಟೆಗೆ ಹೋಗಿದೆ. ಐದು ದಿನ ಡ್ರಿಪ್ಪು, ಇಂಜೆಕ್ಷನ್ನು. ಆಮೇಲೆ ತೆಳ್ಳಗಿನ ಗಂಜಿ, ಬೇಯಿಸಿದ ಸಿಹಿಗುಂಬಳ, ದಿನಕ್ಕೆ ಐದು ಹೊತ್ತು, ಒಂದೊಂದು ಹೊತ್ತಿಗೆ ಒಂದು ಲೋಟ. "ವಯಸ್ಸಾಗಿದೆ. ಇನ್ನೊಂದು ಸಲ ಎಣ್ಣೆ ಜಿಡ್ಡು ಹೊಟ್ಟೆಗೆ ಹೋದ್ರೆ ನಾನು ಜವಾಬ್ದಾರಿ ಅಲ್ಲ. ಯಾರು, ಎಷ್ಟು ಹೊತ್ತಿಗೆ, ಎಂತ ಹಾಕಿದ್ರು ಅಂತ ಎರಡೂ ಮನೆಯವ್ರಿಗೆ ಗೊತ್ತಿರ್ಬೇಕು."

ಡ್ರಿಪ್ಪು ಹಾಕಲು ಹತ್ತಿರದ ಪಶು ಚಿಕಿತ್ಸಾಲಯದ ಮಧುಸೂದನ ದಿನಾ ಬೆಳಿಗ್ಗೆ ಬೈಕಿನಲ್ಲಿ ಬರತೊಡಗಿದ. ಬಚ್ಚಲುಮನೆಯೇ ಕೆಂಪಿಯ ಆಸ್ಪತ್ರೆಯಾಯಿತು. ರವೀಂದ್ರ ಹಳೆಯ ಸೈಲೆನ್ಸರ್ ಪೈಪಿಗೆ ಕೊಕ್ಕೆ ವೆಲ್ಡ್ ಮಾಡಿ ಬಾಟಲಿ ನೇತುಹಾಕಲು ಸ್ಟ್ಯಾಂಡು ಮಾಡಿದ. ಹರ್ಷ ನಾಯಿಯ ಕೆಳಗೆ ಭತ್ತದ ಹುಲ್ಲು, ಅದರ ಮೇಲೆ ಅಪ್ಪನ ಹಳೆಯ ಕಂಬಳಿ ಹಾಸಿದ. ಬಾಟಲಿ ಖಾಲಿಯಾಗಲು ಎರಡು ಗಂಟೆ ಬೇಕು. ಕಾಲು ಎಳೆಯದಂತೆ ಯಾರಾದರೂ ಹಿಡಿದು ಕೂರಬೇಕು. ಹಾಗಾಗಿ ಎಷ್ಟೋ ವರ್ಷಗಳ ಮೇಲೆ ಅಣ್ಣತಮ್ಮಂದಿರು ಒಂದೇ ಒಲೆಯ ಮುಂದೆ ಕೂತರು. ಹಂಡೆಯಲ್ಲಿ ನೀರು ಕಾಯುವ ಸದ್ದು, ಹೊಗೆ, ಮೈ ಮುಂದೆ ಬಿಸಿ, ಬೆನ್ನ ಹಿಂದೆ ಚಳಿ.

"ನೆನಪಿದೆಯನಾ" ಅಂದ ರವೀಂದ್ರ, "ಅಪ್ಪನ ಬಸ್ಸು ಆ ತಿರುವಲ್ಲಿ ಎರಡು ಹಾರ್ನ್ ಹಾಕ್ತಿತ್ತಲ್ಲ."

"ಎರಡಲ್ಲ, ಮೂರು. ಎರಡು ಉದ್ದ, ಒಂದು ಗಿಡ್ಡ."

"ಅಮ್ಮ ಆವಾಗ ಸಾರಿಗೆ ಒಗ್ಗರಣೆ ಹಾಕ್ತಿದ್ಳು. ನಾವು ಟಿಫಿನ್ ಕ್ಯಾರಿಯರ್ ಹಿಡ್ಕೊಂಡು ರಸ್ತೆಗೆ ಓಡೋದು."

"ನೀನು ಓಡ್ತಿದ್ದಿ. ನಾನು ನಿನ್ನ ಹಿಂದೆ ಅಳ್ತಾ ಬರ್ತಿದ್ದೆ. ಕಿಟಕೀಲಿ ಬಗ್ಗಿ ಅಪ್ಪ ಕ್ಯಾರಿಯರ್ ತಗೊಂಡು, ಜೇಬಿಂದ ಶೇಂಗಾ ಪೊಟ್ಟಣ ಕೊಡ್ತಿತ್ತು. ತೀರ್ಥಹಳ್ಳಿ ಶೇಂಗಾ. ಇನ್ನೂ ಬಿಸಿ ಇರ್ತಿತ್ತು."

"ಬಿಸಿ ಎಲ್ಲಿಂದ ಬಂತು ಗೊತ್ತಾ? ಇಂಜಿನ್ ಮೇಲೆ ಇಟ್ಕೊಂಡು ಬರ್ತಿತ್ತು ಅಪ್ಪ."

ಹರ್ಷ ಇದನ್ನು ಇಷ್ಟು ವರ್ಷ ತಿಳಿದಿರಲಿಲ್ಲ. ಒಲೆಗೆ ಒಂದು ಕೊಳ್ಳಿ ದೂಡಿದ.

ಡ್ರಿಪ್ಪು ಮುಗಿದು ಗಂಜಿ ಶುರುವಾಯಿತು. ಬೆಳಗಿನ ಎರಡು ಹೊತ್ತು ಸುಚಿತ್ರಾ, ಸಂಜೆಯ ಎರಡು ಹೊತ್ತು ವಿನಯಾ, ಮಧ್ಯಾಹ್ನ ಒಂದು ಹೊತ್ತು ಯಮುನಮ್ಮ. ಬಚ್ಚಲುಮನೆಯ ಬಾಗಿಲಿಗೆ ಸಿಂಚನಾ ಒಂದು ಹಾಳೆ ಅಂಟಿಸಿ ಪೆನ್ನು ಕಟ್ಟಿದಳು. ಹಾಕಿದವರು ಬರೆಯಬೇಕು. ಓರಗಿತ್ತಿಯರು ಮಾತಾಡದಿದ್ದರೂ ಹಾಳೆಯ ಮೇಲೆ ಒಬ್ಬರಿಗೊಬ್ಬರು ಉತ್ತರ ಕೊಡತೊಡಗಿದರು. 'ಆರು ಗಂಟೆ, ಒಂದು ಲೋಟ, ಅರ್ಧ ಬಿಟ್ಟಿದೆ' ಎಂದು ಒಬ್ಬಳು ಬರೆದರೆ, 'ಕುಂಬಳ ಇನ್ನೂ ನುಣ್ಣಗೆ ಕಿವುಚಿದರೆ ತಿನ್ನುತ್ತದೆ' ಎಂದು ಕೆಳಗೆ ಇನ್ನೊಬ್ಬಳು.

ಕೆಂಪಿ ಎದ್ದು ಓಡಾಡಿತು. ಎಲ್ಲರಿಗೂ ಸಮಾಧಾನವಾಯಿತು. ಒಂಬತ್ತನೆಯ ದಿನ ಬೆಳಿಗ್ಗೆ ಮತ್ತೆ ವಾಂತಿ. ಈ ಸಲ ಅದಕ್ಕೆ ನಿಲ್ಲಲೂ ಆಗಲಿಲ್ಲ.

ರವೀಂದ್ರ ಶಿವಮೊಗ್ಗಕ್ಕೆ ಬಿಡಿಭಾಗ ತರಲು ಹೋಗಿದ್ದ. ಹರ್ಷ ಯಾರದೋ ಮನೆಯ ಹಂಚು ತುಂಬಿಕೊಂಡು ತೀರ್ಥಹಳ್ಳಿಯ ದಾರಿಯಲ್ಲಿದ್ದ. ಸಿಂಚನಾ ಕಾಲೇಜಿಗೆ ಹೋಗಿಯಾಗಿತ್ತು. ಅಂಗಳದಲ್ಲಿ ಮೂವರು ಹೆಂಗಸರೇ.

ಸುಚಿತ್ರಾ ಹಾಳೆ ನೋಡಿದಳು. ನೋಡಿ, ನೇರವಾಗಿ ವಿನಯಾಳ ಮುಖಕ್ಕೇ ತಿರುಗಿದಳು. "ನಿನ್ನೆ ರಾತ್ರಿ ಎಂಟಕ್ಕೆ ಹಾಕಿದ್ದು ನೀನು. ಎಂತ ಹಾಕ್ದೆ? ಖರೆ ಹೇಳು."

"ಬರೆದಿದ್ದೇ ಹಾಕಿದ್ದು. ನಿಮ್ಮನೇಲಿ ನಿನ್ನೆ ಬೆಣ್ಣೆ ಕಾಯಿಸಿದ ವಾಸ್ನೆ ನಂಗೂ ಬಂದಿದೆ ಅಕ್ಕ."

"ಗಸಿ ಇನ್ನೂ ಪಾತ್ರೇಲೇ ಇದೆ, ಬಾ ನೋಡು ಬಾ! ಡಾಕ್ಟ್ರು ಅಷ್ಟು ಹೇಳಿದ ಮೇಲೂ ಹಾಕೋಕೆ ನನ್ನನ್ನೆಂತ ಅಂದ್ಕೊಂಡಿದ್ದಿ?"

"ಎಂತ ಅಂದ್ಕೊಳ್ಲಿ? ತಪ್ಪು ಯಾವತ್ತೂ ನಂದೇ ಅಲ್ವಾ ಈ ಮನೇಲಿ? ಸಾರು ಕೆಟ್ರೂ ನಾನೇ, ನಾಯಿಗೆ ಹುಷಾರು ತಪ್ಪಿದ್ರೂ ನಾನೇ."

"ನೆಂಟರ ಎದುರು ನನ್ನ ಮರ್ಯಾದೆ ತೆಗೆದೋಳು ನೀನು!"

"ನಾನು ಕೊಟ್ಟಿದ್ದು" ಅಂದರು ಯಮುನಮ್ಮ.

ಇಬ್ಬರೂ ಅತ್ತೆಯ ಕಡೆ ತಿರುಗಿದರು. ಯಮುನಮ್ಮ ಬಾವಿಕಟ್ಟೆಯ ಮೇಲೆ ಕೂತಿದ್ದರು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸೆರಗು ಬಿಚ್ಚಿದರು. ಬಿಸ್ಕೇಟಿನ ಖಾಲಿ ಪೊಟ್ಟಣ ಕೆಳಗೆ ಬಿತ್ತು.

"ಅರ್ಧ ಪೊಟ್ಟಣ ಮೊನ್ನೆ, ಅರ್ಧ ನಿನ್ನೆ. ಕೊಡಬಾರ್ದು ಅಂತ ಗೊತ್ತಿತ್ತು. ಅದು ಬಂದು ಮೊಣಕಾಲ ಮೇಲೆ ಗದ್ದ ಇಟ್ಟು ನೋಡ್ತದೆ. ನನ್ನ ಕೈಲಿ ಆಗ್ಲಿಲ್ಲ."

"ಅಲ್ಲ ಅತ್ತೆ..." ಎಂದು ಸುಚಿತ್ರಾ ಶುರುಮಾಡಿದಳು.

"ಇವರೂ ಹಂಗೇ ನೋಡಿದ್ರು" ಅಂದರು ಯಮುನಮ್ಮ. "ಕೊನೇ ಚಳಿಗಾಲ. ಉಪ್ಪು ಬೇಡ, ಖಾರ ಬೇಡ, ಎಣ್ಣೆ ಬೇಡ ಅಂದಿದ್ರಲ್ಲ ಡಾಕ್ಟ್ರು. ನಿಮಗೆಲ್ಲ ಆ ದಿನ ಬಂಗಡೆ ಸಾರು ಮಾಡಿದ್ದೆ. ಒಂಚೂರು ರಸ ಹಾಕೇ ಅಂದ್ರು. ಹಾಕ್ಲಿಲ್ಲ. ಮಾರನೇ ದಿನನೂ ಕೇಳಿದ್ರು. ಮೂರನೇ ದಿನ ಕೇಳ್ಲಿಲ್ಲ, ಬರೀ ನೋಡಿದ್ರು. ಪಥ್ಯ ಪಥ್ಯ ಅಂತ ಗದರಿಸಿ ಗಂಜಿ ಕೊಟ್ಟೆ. ವಾರಕ್ಕೆ ಹೋಗೇಬಿಟ್ರು. ಉಳಿಸ್ಲೂ ಇಲ್ಲ, ಕೇಳಿದ್ದು ಕೊಡ್ಲೂ ಇಲ್ಲ."

ಅವರು ಅಳಲಿಲ್ಲ. ಇಷ್ಟು ಹೇಳಿ ಬಾವಿಯ ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡರು. ರಸ್ತೆಯಲ್ಲಿ ಹಾಲಿನ ವ್ಯಾನು ಹೋಯಿತು. ವಿನಯಾ ಬಗ್ಗಿ ಬಿಸ್ಕೇಟಿನ ಕಾಗದ ಎತ್ತಿ ಮುದ್ದೆಮಾಡಿ ಒಲೆಗೆ ಹಾಕಿದಳು.

"ಅಕ್ಕ, ಒಂಬತ್ತೂ ಕಾಲಿನ ಬಸ್ಸು ಸಿಗ್ತದೆ. ಹಳೇ ಬೆಡ್‌ಶೀಟ್ ಒಂದು ತನ್ನಿ."

ನಾಯಿಯನ್ನು ಬೆಡ್‌ಶೀಟಿನ ನಡುವೆ ಮಲಗಿಸಿ, ಒಂದು ಕಡೆ ಸುಚಿತ್ರಾ, ಇನ್ನೊಂದು ಕಡೆ ವಿನಯಾ ಹಿಡಿದು ರಸ್ತೆಗೆ ಬಂದರು. ಬಸ್ಸು ಮಂಜಿನೊಳಗಿಂದ ಬಂದು ನಿಂತಿತು. ಕಂಡಕ್ಟರು "ನಾಯಿ ಹತ್ತಿಸೋ ಹಂಗಿಲ್ಲ" ಎಂದು ಬಾಗಿಲಲ್ಲೇ ಅಡ್ಡ ನಿಂತ. ಅಷ್ಟರಲ್ಲಿ ಡ್ರೈವರ್ ತೀರ್ಥೇಶ್ ಬಗ್ಗಿ ನೋಡಿದ. ಹದಿನೇಳು ವರ್ಷದವನಿದ್ದಾಗ ಭೂತಪ್ಪನವರ ಬಸ್ಸಿನಲ್ಲಿ ಕ್ಲೀನರ್ ಆಗಿ ಸೇರಿದವನು ಅವನು.

"ಭೂತಪ್ಪಣ್ಣನ ಕೆಂಪಿ ಅಲ್ವಾ ಅದು? ಹತ್ಸಿ ಅಕ್ಕ, ಮುಂದೆ ಹತ್ಸಿ. ಇಲ್ಲಿ ನನ್ನ ಪಕ್ಕ ಬೆಚ್ಚಗಿರ್ತದೆ." ಮುಂದಿನ ಉದ್ದ ಸೀಟಿನಲ್ಲಿದ್ದ ಇಬ್ಬರನ್ನು ಹಿಂದೆ ಕಳಿಸಿದ. ಒಬ್ಬ ಮುದುಕ ಗೊಣಗುತ್ತ ಎದ್ದು, ನಾಯಿಯ ಮುಖ ನೋಡಿ, ತನ್ನ ಮಫ್ಲರನ್ನು ಅದರ ಮೇಲೆ ಹಾಕಿ ಹೋದ.

ಕೆಂಪಿಯ ತಲೆ ಸುಚಿತ್ರಾಳ ತೊಡೆಯ ಮೇಲಿತ್ತು, ಹಿಂಗಾಲು ವಿನಯಾಳ ತೊಡೆಯ ಮೇಲೆ.

"ಅಕ್ಕ" ಅಂದಳು ವಿನಯಾ, "ಅವತ್ತು ನಿಮ್ಮನ್ನ ಕೇಳದೆ ಮೊದಲು ಉಪ್ಪು ಹಾಕಿದ್ದು ನಾನೇ."

"ಗೊತ್ತು. ನಾನು ರುಚಿ ನೋಡಿದ್ದೆ."

"ನೋಡಿನೂ ಹಾಕಿದ್ರಾ?"

ಸುಚಿತ್ರಾ ಕಿಟಕಿಯ ಕಡೆ ಮುಖ ಮಾಡಿದಳು. "ಸಿಟ್ಟು ಬಂದಿತ್ತು. ನನ್ನ ಅಡುಗೆಮನೇಲಿ ನಿಂತು ನಂಗೊಂದು ಮಾತು ಕೇಳದೆ ಹಾಕಿದ್ಳಲ್ಲ ಅಂತ. ಒಂದು ಚಮಚ ಹಾಕೋದು ಅಂದ್ಕೊಂಡೆ. ಕೈ ಜಾಸ್ತಿ ಹೋಯ್ತು."

ವಿನಯಾ ಅವಳನ್ನೇ ನೋಡಿದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡ ಸುಚಿತ್ರಾ ಗಾಬರಿಯಾಗಿ ತಿರುಗಿದರೆ ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. "ಆ ನಿಮ್ಮ ಸೋದರಮಾವ ಎರಡು ಚೊಂಬು ನೀರು ಕುಡಿದ್ರು ಅಕ್ಕ, ಎರಡು ಚೊಂಬು..." ಸುಚಿತ್ರಾಳಿಗೂ ತಡೆಯಲಾಗಲಿಲ್ಲ. ತೀರ್ಥೇಶ್ ಕನ್ನಡಿಯಲ್ಲಿ ನೋಡಿ, ಆಸ್ಪತ್ರೆಗೆ ಹೊರಟವರು ಹೀಗೇಕೆ ನಗುತ್ತಿದ್ದಾರೆಂದು ಅರ್ಥವಾಗದೆ ಗೇರು ಬದಲಿಸಿದ.

ಡಾಕ್ಟರ್ ಶ್ರೀಗೌರಿ ಬೈಯಲಿಲ್ಲ. "ಸಂಜೆ ತನಕ ಇಲ್ಲೇ ಇರ್ಲಿ. ಈಗ ಏನೂ ಹೇಳೋಕಾಗಲ್ಲ" ಎಂದಷ್ಟೇ ಅಂದರು. ಇಬ್ಬರೂ ಆಸ್ಪತ್ರೆಯ ಜಗಲಿಯಲ್ಲಿ ಕೂತರು. ಒಬ್ಬ ಹೆಂಗಸು ಮೇಕೆ ಹಿಡಿದುಕೊಂಡು ಬಂದು ಹೋದಳು. ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಒಬ್ಬ ಮಾಸ್ತರರು ಬಂದರು. ಮಧ್ಯಾಹ್ನ ವಿನಯಾ ಎದುರಿನ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದಳು. ಪೊಟ್ಟಣ ಬಿಚ್ಚಿ ನಡುವೆ ಇಟ್ಟುಕೊಂಡು ತಿಂದರು. ಹದಿನೆಂಟು ವರ್ಷ ಒಂದೇ ಸೂರಿನ ಕೆಳಗೆ ಇದ್ದೂ ಹೀಗೆ ಇಬ್ಬರೇ ಎದುರುಬದುರು ಕೂತು ತಿಂದದ್ದು ಅದೇ ಮೊದಲು. ಮನೆಯಲ್ಲಿ ಅವರಿಬ್ಬರೂ ಯಾವಾಗಲೂ ಬಡಿಸುವವರು; ಒಬ್ಬಳು ಕೂತಾಗ ಇನ್ನೊಬ್ಬಳು ನಿಂತಿರುತ್ತಿದ್ದಳು.

"ಅತ್ತೆಗೆ ಎಂತ ಹೇಳೋದು?" ಎಂದು ವಿನಯಾ ಕೇಳಿದಳು.

"ಎಂತ ಹೇಳೋದು. ಕೊಡಬೇಡಿ ಅಂದ್ರೆ ಅವರಿಂದ ಆಗೋದಲ್ಲ ಅದು. ಇನ್ಮೇಲೆ ಐದೂ ಹೊತ್ತು ಅವರೇ ಹಾಕ್ಲಿ. ಅದು ಕೇಳಿದಾಗೆಲ್ಲ ಅವರ ಕೈಯಿಂದಲೇ ಕೊಡ್ಲಿ. ಆದ್ರೆ ಗಂಜಿ."

"ಬೇಯಿಸಿದ ಕುಂಬಳ ಚೂರು ಮಾಡಿ ಡಬ್ಬೀಲಿ ಹಾಕಿ ಕೊಡೋಣ. ಬಿಸ್ಕೇಟಿನ ಹಾಗೆ ಒಂದೊಂದೇ ಕೊಡ್ಬಹುದು."

ಸಂಜೆ ಐದಕ್ಕೆ ಕೆಂಪಿ ತಲೆ ಎತ್ತಿ ನೀರು ನೆಕ್ಕಿತು. ಹರ್ಷ ತೀರ್ಥಹಳ್ಳಿಯಿಂದ ನೇರ ಸಾಗರಕ್ಕೆ ಗಾಡಿ ಹೊಡೆದುಕೊಂಡು ಬಂದಿದ್ದ. ಅತ್ತಿಗೆಯೂ ಹೆಂಡತಿಯೂ ಒಂದೇ ಬೆಂಚಿನ ಮೇಲೆ ಕೂತು ಮಾತಾಡುತ್ತಿದ್ದುದನ್ನು ದೂರದಿಂದಲೇ ಕಂಡು, ಹತ್ತಿರ ಹೋಗಲೋ ಬೇಡವೋ ಎಂದು ಗೇಟಿನ ಬಳಿಯೇ ಸ್ವಲ್ಪ ಹೊತ್ತು ನಿಂತ.

ಮನೆಗೆ ಬಂದ ಮೇಲೆ ಸುಚಿತ್ರಾ ಅತ್ತೆಯ ಕೈಗೆ ಡಬ್ಬಿ ಕೊಟ್ಟಳು. ಯಮುನಮ್ಮ ಮುಚ್ಚಳ ತೆಗೆದು ನೋಡಿ, "ಇದು ಕೊಟ್ರೆ ತೊಂದ್ರೆ ಇಲ್ವಾ?" ಎಂದು ಎರಡು ಸಲ ಕೇಳಿದರು. "ಎಷ್ಟು ಬೇಕಾದ್ರೂ ಕೊಡಿ ಅತ್ತೆ" ಅಂದಳು ವಿನಯಾ. ಅದು ಪೂರ್ತಿ ನಿಜವಲ್ಲ. ಆದರೆ ಚೂರುಗಳನ್ನು ಎಣಿಸಿ ಹಾಕುತ್ತಿದ್ದವಳು ಅವಳೇ.

ಕೆಂಪಿ ನಿಧಾನವಾಗಿ ಚೇತರಿಸಿಕೊಂಡಿತು. ಜನವರಿಯ ಸಂಕ್ರಾಂತಿಗೆ ಅಂಗಳದ ಬಿಸಿಲಿಗೆ ಬಂದು ಮಲಗಿತು. ತಿಂಗಳ ಕೊನೆಗೆ ರಸ್ತೆಯ ತನಕ ಹೋಗಿ, ಹಾಲಿನ ವ್ಯಾನಿಗೆ ಬೊಗಳಿ ಬಂತು. ಮೈ ಇಳಿದು, ಚರ್ಮ ಸ್ವಲ್ಪ ಜೋತು, ಮೂತಿಯ ಬಿಳಿ ಹೆಚ್ಚಾಗಿತ್ತು. ಡಾಕ್ಟರು, "ಪಥ್ಯ ಇದ್ರೆ ಇನ್ನೆರಡು ವರ್ಷ ಬದುಕ್ತದೆ" ಎಂದರು.

ಆ ಭಾನುವಾರ ಬೆಳಿಗ್ಗೆ ಎಲ್ಲರೂ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದರು. ರವೀಂದ್ರ ಒಮ್ಮೆ ಕೆಮ್ಮಿ ಮಾತು ತೆಗೆದ. ಒಲೆಯ ಮುಂದೆ ತಮ್ಮನ ಜೊತೆ ಅದನ್ನು ಮೊದಲೇ ಆಡಿಕೊಂಡಿದ್ದ ಎಂಬುದು ಹರ್ಷ ತಲೆ ಬಗ್ಗಿಸಿ ಕೂತಿದ್ದರಿಂದಲೇ ಗೊತ್ತಾಗುತ್ತಿತ್ತು.

"ಈಗ ನಿಮ್ಮಿಬ್ರದ್ದೂ ಸರಿಹೋಯ್ತಲ್ಲ. ನಾನೂ ಹರ್ಷನೂ ಯೋಚನೆ ಮಾಡಿದ್ವಿ. ಮತ್ತೆ ಒಂದೇ ಅಡುಗೆ ಮಾಡಿದ್ರೆ ಆಗ್ತದಲ್ಲ? ಅಪ್ಪ ಇದ್ದಾಗಿನ ಹಾಗೆ. ಎಷ್ಟು ಚೆನ್ನಾಗಿತ್ತು ಆವಾಗ. ಎಲ್ಲ ಒಟ್ಟಿಗೆ ಕೂತು, ಬಿಸಿ ಬಿಸಿ ಗಂಜಿ, ಉಪ್ಪಿನಕಾಯಿ..."

ಸುಚಿತ್ರಾ ವಿನಯಾಳನ್ನು ನೋಡಿದಳು. ವಿನಯಾ ಸುಚಿತ್ರಾಳನ್ನು ನೋಡಿದಳು.

"ಬೇಡ" ಎಂದರು ಇಬ್ಬರೂ, ಒಟ್ಟಿಗೇ.

"ಯಾಕೆ?"

"ಚೆನ್ನಾಗಿತ್ತು ಭಾವ, ನಿಮಗೆ" ಅಂದಳು ವಿನಯಾ. "ಐದಕ್ಕೆ ಎದ್ದು ಒಲೆ ಊದಿದ್ದು ಅಕ್ಕ. ಹನ್ನೊಂದಕ್ಕೆ ಪಾತ್ರೆ ತೊಳ್ದು ಮಲಗಿದ್ದು ನಾನು. ನಿಮಗೆ ಬಿಸಿ ಗಂಜಿ ನೆನಪಿದೆ."

"ಅವಳಿಗೆ ಕೊತ್ತಂಬರಿ ಆಗೋದಿಲ್ಲ" ಅಂದಳು ಸುಚಿತ್ರಾ. "ಹದಿನಾರು ವರ್ಷ ಒಂದೇ ಒಲೇಲಿ ಬೇಯಿಸಿದ್ರೂ ನಂಗದು ಗೊತ್ತಿರ್ಲಿಲ್ಲ. ಮೊನ್ನೆ ಆಸ್ಪತ್ರೆ ಜಗಲೀಲಿ ಗೊತ್ತಾಯ್ತು. ಅವಳ ಸಾರು ಅವಳು ಮಾಡ್ಕೊಳ್ಲಿ, ನನ್ನ ಸಾರು ನಾನು. ಬೇಕಾದ್ರೆ ಒಂದು ಬಟ್ಲು ಆಚೆ ಈಚೆ ಕೊಟ್ಕೋತೀವಿ."

ರವೀಂದ್ರ ಸಹಾಯಕ್ಕೆಂದು ತಾಯಿಯ ಕಡೆ ತಿರುಗಿದ. "ಅಮ್ಮ, ನೀನಾದ್ರೂ ಹೇಳು. ನೀನು ಬಂದಾಗ ಹದಿನಾಲ್ಕು ಜನ ಇದ್ರಂತಲ್ಲ ಮನೇಲಿ, ಒಂದೇ ಒಲೆ."

ಯಮುನಮ್ಮ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಯೋಚಿಸಿ ಹೇಳಿದರು.

"ಇದ್ರು. ಹದಿನಾಲ್ಕು ಜನಕ್ಕೂ ಚಾ ಮಾಡಿದ್ದೆ, ದಿನಾ ಎರಡು ಹೊತ್ತು. ಮೊದಲು ನಮ್ಮತ್ತೆ ಇದ್ರು. ಸಕ್ಕರೆ ಡಬ್ಬಿ ಅವರ ಹತ್ರ. ಎಲ್ರಿಗೂ ಕೊಟ್ಟು ತಳದಲ್ಲಿ ಉಳಿದಿದ್ದು ನಂಗೆ, ತಣ್ಣಗಾಗಿರ್ತಿತ್ತು. ಆಮೇಲೆ ನಿಮ್ಮಪ್ಪಂಗೆ ಮಾಡಿದೆ, ನಿಮಗೆ ಮಾಡಿದೆ. ಈಗ ಇವರು ಮಾಡಿ ಕೊಡ್ತಾರೆ, ಒಂದು ತಿಂಗಳು ಆ ಕಡೆ, ಒಂದು ತಿಂಗಳು ಈ ಕಡೆ. ಚೆನ್ನಾಗೇ ಮಾಡ್ತಾರೆ." ಅವರು ಚಾಚಿದ ಕಾಲನ್ನು ಹತ್ತಿರಕ್ಕೆ ಎಳೆದುಕೊಂಡರು. "ನನ್ನದೇ ಒಂದು ಒಲೇಲಿ, ನಂಗೆ ಬೇಕಾದಷ್ಟು ಸಕ್ಕರೆ ಹಾಕಿ, ನಂಗೊಬ್ಳಿಗೇ ಒಂದು ಲೋಟ ಚಾ ಮಾಡ್ಕೊಂಡು ಕುಡೀಬೇಕು ಅಂತ ಮದುವೆ ಆದ ವರ್ಷದಿಂದ ಆಸೆ ಇತ್ತು. ಯಾರ ಹತ್ರ ಹೇಳೋದು?"

ಹರ್ಷ ನಗಲು ಹೋಗಿ ತಡೆದುಕೊಂಡ.

ಸುಚಿತ್ರಾ ಎದ್ದು ಒಳಗೆ ಹೋದಳು. ಗ್ಯಾಸ್ ಒಲೆಯ ಮೇಲಿದ್ದ ಸಾರಿನ ಪಾತ್ರೆ ಇಳಿಸುವ ಸದ್ದು ಕೇಳಿಸಿತು. ಬಾಗಿಲಿಗೆ ಬಂದು, "ಬನ್ನಿ ಅತ್ತೆ, ಒಲೆ ಖಾಲಿ ಇದೆ" ಅಂದಳು. ವಿನಯಾ ತನ್ನ ಕಡೆಯಿಂದ ಹೊಸ ಚಾಪುಡಿಯ ಪೊಟ್ಟಣವನ್ನೂ ಸಕ್ಕರೆ ಡಬ್ಬಿಯನ್ನೂ ತಂದು ಕಟ್ಟೆಯ ಮೇಲಿಟ್ಟಳು. ಸಿಂಚನಾ, "ನಂಗೂ ಅರ್ಧ ಲೋಟ ಅಜ್ಜೀ" ಎಂದು ಎದ್ದು ಬಂದಳು, ಅವಳ ತಾಯಿ ಬಾಗಿಲಲ್ಲೇ ಕೈ ಹಿಡಿದು ವಾಪಸು ಕಳಿಸಿದಳು.

ಯಮುನಮ್ಮ ಒಳಗೆ ಹೋದರು. ಸೊಸೆಯರಿಬ್ಬರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿದರು. ಎಲ್ಲರೂ ಅಂಗಳದಲ್ಲಿ ಕಾದರು. ಒಳಗೆ ನೀರು ಕುದಿಯಿತು, ಚಮಚ ಪಾತ್ರೆಗೆ ತಾಗಿತು, ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ ಬಹಳ ಹೊತ್ತು ಯಾವ ಸದ್ದೂ ಬರಲಿಲ್ಲ.

"ನೋಡ್ಕೊಂಡು ಬರ್ಲಾ?" ಎಂದು ಹರ್ಷ ಪಿಸುಗುಟ್ಟಿದ.

"ಸುಮ್ನೆ ಕೂರು" ಅಂದಳು ಸುಚಿತ್ರಾ. "ಕುಡೀತಿದ್ದಾರೆ."